ಎರಡು ಬಂದೂಕಿನ ಮಿತಿಯಲ್ಲಿ ಪಿಸ್ತೂಲು ಸಂಗ್ರಹ

ಮಾನ್ಯ ಸಂಪಾದಕರೆ,

ಅಮೆರಿಕದವರು ಗೋಡೆ ತುಂಬ ಪಿಸ್ತೂಲು ನೇತುಹಾಕಿರುವ ವಿಡಿಯೊಗಳನ್ನು ನೋಡಿ, ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆಯ ಲೈಸೆನ್ಸುದಾರರ ಮನೆಯ ಹುಡುಗರೂ ಸಂಗ್ರಹದ ಮಾತಾಡತೊಡಗಿದ್ದಾರೆ. ಆಸಕ್ತಿ ತಪ್ಪಲ್ಲ. ಆದರೆ ಅಲ್ಲಿನ ಲೆಕ್ಕ ಇಲ್ಲಿ ನಡೆಯದು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ತೋಟಕ್ಕೆ ನುಗ್ಗುವ ಹಂದಿ ಬೆದರಿಸಲು ಇಟ್ಟುಕೊಂಡ 12 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಗಲದ ಅಳತೆ) ಒಂಟಿನಳಿಗೆ ಕೋವಿಯೂ ಈ ಎರಡರಲ್ಲೇ ಸೇರುತ್ತದೆ. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರಿಗೆ ಹಾಗಾಗಿ ಕೈಬಂದೂಕಿಗೆ ಉಳಿಯುವುದು ಒಂದೇ ಜಾಗ.

ಮೊದಲ ಕೈಬಂದೂಕಿನ ಜಾಗಕ್ಕೆ .32 ಬೋರಿನ ರಿವಾಲ್ವರೇ ಸರಿ. 9 ಎಂ.ಎಂ., .45 ಇವೆಲ್ಲ ನಿಷೇಧಿತ ಬೋರುಗಳು, ಜನಸಾಮಾನ್ಯರ ಕೈಗೆ ಬರುವಂಥವಲ್ಲ. .32 ಆದರೆ ಕಾನ್ಪುರದಲ್ಲೇ ತಯಾರಾಗುತ್ತದೆ. ಗುಂಡು ತುಂಬಿದೆಯೋ ಇಲ್ಲವೋ ಎಂಬುದು ಸಿಲಿಂಡರ್ (ತೋಟಾ ತುಂಬುವ, ತಿರುಗುವ ಉರುಳೆ) ತೆರೆದರೆ ಕಣ್ಣಿಗೇ ಕಾಣುತ್ತದೆ. ಹಳೆಯದನ್ನು ಕೊಳ್ಳುವವರು ಮೊದಲು ಖಾಲಿ ಇದೆಯೆಂದು ಎರಡು ಸಲ ನೋಡಿಕೊಂಡು, ಹ್ಯಾಮರನ್ನು (ಹಿಂದಿರುವ ಬಡಿಯುವ ಕುದುರೆ) ನಿಧಾನವಾಗಿ ಹಿಂದಕ್ಕೆಳೆಯಬೇಕು. ಹ್ಯಾಮರ್ ಕೊನೆ ಮುಟ್ಟುವಷ್ಟರಲ್ಲಿ ಸಿಲಿಂಡರ್ ಕಚ್ಚಿ ನಿಂತಿರಬೇಕು. ನಿಲ್ಲದಿದ್ದರೆ ಒಳಭಾಗ ಸವೆದಿದೆ ಎಂದರ್ಥ: ಗುಂಡು ನಳಿಗೆಯ ಅಂಚಿಗೆ ಉಜ್ಜಿ, ಸೀಸದ ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು 0.1ರಿಂದ 0.25 ಮಿಲಿಮೀಟರ್ ಇದ್ದರೆ ಒಳ್ಳೆಯದು. ಮಧ್ಯಕ್ಕೆ ಮಡಚುವ ಮಾದರಿಯಾದರೆ ನಳಿಗೆ ಹಿಡಿದು ಅಲ್ಲಾಡಿಸಿ ನೋಡಿ. ಕೀಲು ಸಡಿಲವಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಲೈಸೆನ್ಸುದಾರನಿಂದ ನೇರವಾಗಿ ಕೊಳ್ಳುವುದಾದರೆ, ಮಾರುವವರು ಜಿಲ್ಲಾಧಿಕಾರಿಗೋ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಳೆಯಬೇಕು. ಮುಂಗಡ ಕೊಟ್ಟು ಆತುರಪಡುವವರು ಮರೆಯುವುದು ಇದನ್ನೇ.

ತೋಟಾದ ವಿಷಯದಲ್ಲಿ ಒಂದು ದೊಡ್ಡ ಗೊಂದಲವಿದೆ. .32 ರಿವಾಲ್ವರಿನ ತೋಟಾ ಬೇರೆ, .32 ಪಿಸ್ತೂಲಿನ ತೋಟಾ ಬೇರೆ. ರಿವಾಲ್ವರಿನದು ಉದ್ದ, ಬುಡದಲ್ಲಿ ಅಗಲವಾದ ಅಂಚು; ಪಿಸ್ತೂಲಿನದು ಗಿಡ್ಡ, ಅಂಚು ಸಣ್ಣದು. ಒಂದನ್ನು ಇನ್ನೊಂದಕ್ಕೆ ಬಳಸಬಾರದು. ಅಂಗಡಿಯಲ್ಲಿ ‘ತರ್ಟಿಟೂ’ ಎಂದಷ್ಟೇ ಕೇಳದೆ ಯಾವುದಕ್ಕೆಂದು ಹೇಳಿ. ಪಿಸ್ತೂಲಿನ ಮ್ಯಾಗಜೀನ್ (ಹಿಡಿಯೊಳಗೆ ಕೂರುವ ತೋಟಾ ಡಬ್ಬಿ) ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದೆ ಬಿದ್ದರೆ ಎರಡೂ ಸಿಕ್ಕಿಕೊಂಡು, ಬೇಕಾದ ಹೊತ್ತಿಗೆ ತೋಟಾ ಮೇಲೇರುವುದಿಲ್ಲ.

ಎರಡನೆಯ ಜಾಗ ಖಾಲಿಯಿದ್ದವರು ಮತ್ತೊಂದು .32 ತಂದು ತುಂಬುವುದು ವ್ಯರ್ಥ. ಗುರಿ ಅಭ್ಯಾಸಕ್ಕೆ .22 ಪಿಸ್ತೂಲು ಬೇಕು. ಒದೆತ ಕಡಿಮೆ, ತೋಟಾ ಅಗ್ಗ, ಕೈ ಪಳಗುವುದು ಇದರಲ್ಲೇ. ಒಂದು ಎಚ್ಚರಿಕೆ: .22ನ್ನು ಖಾಲಿ ಇಟ್ಟು ಟ್ರಿಗರ್ ಒತ್ತಬೇಡಿ. ತೋಟಾ ಇಲ್ಲದಾಗ ಫೈರಿಂಗ್ ಪಿನ್ (ತೋಟಾಕ್ಕೆ ಬಡಿಯುವ ಮೊಳೆ) ನೇರ ಚೇಂಬರಿನ, ಅಂದರೆ ತೋಟಾ ಕೂರುವ ಗೂಡಿನ, ಅಂಚಿಗೆ ಬಡಿಯುತ್ತದೆ. ಪಿನ್ನೂ ಕೆಡುತ್ತದೆ, ಅಂಚೂ ಚಪ್ಪಟೆಯಾಗುತ್ತದೆ. ಒಣ ಅಭ್ಯಾಸಕ್ಕೆ ಪ್ಲಾಸ್ಟಿಕ್ ಡಮ್ಮಿ ತೋಟಾ ಹಾಕಿಕೊಳ್ಳಬೇಕು.

ಇವೆರಡರ ಲೆಕ್ಕಕ್ಕೆ ಬಾರದ್ದು ಏರ್ ಪಿಸ್ತೂಲು. .177 ಬೋರ್, 20 ಜೂಲ್ ಒಳಗಿನ ಶಕ್ತಿಯದಕ್ಕೆ ಲೈಸೆನ್ಸ್ ಬೇಕಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲೇ. ಅಲ್ಲಿನ ಗುರಿಹಲಗೆಯ ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್ ಅಗಲ. ಟ್ರಿಗರ್ ಎಳೆಯಲು ಬೇಕಾದ ಭಾರ ಕನಿಷ್ಠ 500 ಗ್ರಾಂ. ಹುಡುಗರಿಗೆ ಸಂಗ್ರಹದ ಹಂಬಲವಿದ್ದರೆ ಇಲ್ಲಿಂದ ಶುರುಮಾಡಿಸಿ. ರಾಷ್ಟ್ರಮಟ್ಟಕ್ಕೆ ಏರಿ ‘ಹೆಸರಾಂತ ಶೂಟರ್’ ಎಂಬ ಮಾನ್ಯತೆ ಪಡೆದವರಿಗೆ 2020ರ ನಿಯಮದಂತೆ ಸ್ಪರ್ಧೆಗೆ ತಕ್ಕಂತೆ 8ರಿಂದ 12ರವರೆಗೆ ಬಂದೂಕಿಗೆ ಅವಕಾಶವಿದೆ. ಕಾನೂನು ಕೊಟ್ಟ ನಿಜವಾದ ದಾರಿ ಅದು.

ಇನ್ನು ಅಟ್ಟದ ಮೇಲಿನ ಅಜ್ಜನ ಕೋವಿ. ‘ತುಕ್ಕು ಹಿಡಿದಿದೆ, ಏನಾಗುತ್ತೆ’ ಎನ್ನುವುದು ಅಪಾಯದ ಮಾತು. ರಿಪೇರಿ ಮಾಡಿದರೂ ಹಾರದಂಥ ಹಳೆಯ ಆಯುಧ ಮಾತ್ರ ಕಾಯ್ದೆಯಿಂದ ಹೊರಗೆ. ರಿಪೇರಿಯಾಗುವಂಥದ್ದನ್ನು ಲೈಸೆನ್ಸಿಲ್ಲದೆ ಇಟ್ಟುಕೊಂಡರೆ ಎರಡರಿಂದ ಐದು ವರ್ಷ ಜೈಲು. ಲೈಸೆನ್ಸುದಾರ ತೀರಿಕೊಂಡ ಕೂಡಲೇ ಅದನ್ನು ಠಾಣೆಯಲ್ಲೋ ಪರವಾನಗಿಯ ಅಂಗಡಿಯಲ್ಲೋ ಒಪ್ಪಿಸಿ ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರು ಉಳಿದವರ ಒಪ್ಪಿಗೆ ಪತ್ರದೊಂದಿಗೆ ಅರ್ಜಿ ಹಾಕಬಹುದು. ಸಾಯುವತನಕ ಕಾಯಬೇಕೆಂದೂ ಇಲ್ಲ. ಯಜಮಾನರಿಗೆ 70 ತುಂಬಿದ್ದರೆ, ಇಲ್ಲವೇ ಬಂದೂಕು ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಬಹುದು. ಹೀಗೆ ಬಂದದ್ದೂ ಎರಡರ ಮಿತಿಯೊಳಗೇ.

ಕೊನೆಯದಾಗಿ ಜಿಲ್ಲಾಡಳಿತಕ್ಕೆ ಒಂದು ಕೋರಿಕೆ. ಚುನಾವಣೆ ಬಂದಾಗ ಬಂದೂಕುಗಳು ತಿಂಗಳುಗಟ್ಟಲೆ ಠಾಣೆಯಲ್ಲಿರುತ್ತವೆ. ಚಳ್ಳಕೆರೆ, ಹಿರಿಯೂರಿನ ಒಣಹವೆಯಲ್ಲಿ ಎಣ್ಣೆ ಹೆಚ್ಚಾದರೆ ದೂಳು ಅಂಟಿ ಟ್ರಿಗರ್ ಬಿಗಿಯುತ್ತದೆ; ಭದ್ರಾ ನಾಲೆಯ ಗದ್ದೆ ಸೀಮೆಯಲ್ಲಿ ತೇವದಿಂದ ನಳಿಗೆಯೊಳಗೆ ತುಕ್ಕಿನ ಗುಳಿ ಬೀಳುತ್ತದೆ. ಒಮ್ಮೆ ಬಿದ್ದ ಗುಳಿ ಹೋಗುವುದಿಲ್ಲ. ಒಪ್ಪಿಸುವವರು ನಳಿಗೆ ಒರೆಸಿ, ತೆಳು ಎಣ್ಣೆ ಸವರಿ, ಬರಿಗೈ ತಾಗಿಸದೆ ಹತ್ತಿಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಡಬೇಕು. ಚರ್ಮದ ಚೀಲದಲ್ಲಿ ಮಾತ್ರ ಬೇಡ, ಚರ್ಮ ತೇವ ಹೀರಿ ಲೋಹಕ್ಕೆ ಒತ್ತಿ ಹಿಡಿಯುತ್ತದೆ. ತೋಟಾಗಳಿಗೆ ಎಣ್ಣೆ ಸೋಕಬಾರದು. ತೋಟಾದ ಬುಡದ ಕಿಡಿಮದ್ದಿಗೆ (ಪ್ರೈಮರ್) ಇಳಿದರೆ ಹಾರುವುದಿಲ್ಲ. ಠಾಣೆಯವರು ರಸೀದಿಯಲ್ಲಿ ಸಂಖ್ಯೆಯ ಜೊತೆಗೆ ನಳಿಗೆಯ ಸ್ಥಿತಿಯನ್ನೂ ಒಂದು ಸಾಲಿನಲ್ಲಿ ಬರೆಯಲಿ, ಬಂದೂಕುಗಳನ್ನು ನೆಲದ ಮೇಲೆ ರಾಶಿ ಹಾಕದೆ ಒಣಗೋಡೆಯ ಬಳಿ ಮರದ ಸ್ಟ್ಯಾಂಡಿನಲ್ಲಿ ನಿಲ್ಲಿಸಲಿ. ಮುಂದಿನ ಚುನಾವಣೆಗೆ ಮೊದಲೇ ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳು ಈ ಕುರಿತು ಠಾಣೆಗಳಿಗೆ ಸುತ್ತೋಲೆ ಕಳುಹಿಸಬೇಕೆಂದು ವಿನಂತಿ.

– ಲೈಸೆನ್ಸುದಾರರೊಬ್ಬರು, ದಾವಣಗೆರೆ