ಬಂಪರಿನ ಪೇಂಟ್ ಎದ್ದು ಬರುತ್ತಿರುವ ಬಗ್ಗೆ ದೂರು

ಗೆ,
ಸರ್ವಿಸ್ ಮ್ಯಾನೇಜರ್,
ಬಾಡಿ ಶಾಪ್ ವಿಭಾಗ, ಕಾಸರಗೋಡು

ವಿಷಯ: ವಾರಂಟಿ ಇದ್ದೂ ಬಂಪರ್ ಪೇಂಟನ್ನು ಪುಕ್ಕಟೆ ಸರಿಮಾಡಲು ಒಪ್ಪದಿರುವುದು

ಮಾನ್ಯರೇ,

ಹೋದ ಆಟಿ ತಿಂಗಳಲ್ಲಿ ನಿಮ್ಮಲ್ಲಿ ಕೆಲಸ ಮಾಡಿಸಿದ ನನ್ನ ಬಿಳಿ ಕಾರಿನ ವಿಷಯ ಇದು. ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರೋಡಿನಲ್ಲಿ ಟಿಪ್ಪರ್ ಒಂದು ರಿವರ್ಸ್ ಬಂದು ಎಡಬದಿಯನ್ನು ಉಜ್ಜಿಕೊಂಡು ಹೋಗಿತ್ತು. ಮುಂದಿನ ಬಂಪರ್ ಒಡೆಯಿತು, ಫೆಂಡರ್ ನೆಗ್ಗಿತು, ಕನ್ನಡಿಯ ಕವರಿಗೆ ಗೀರು ಬಿತ್ತು. ನೀವು ಹೊಸ ಬಂಪರ್ ಹಾಕಿ, ಮೂರಕ್ಕೂ ಪೇಂಟ್ ಹೊಡೆದು ಕೊಟ್ಟಿರಿ. ಪೇಂಟಿಗೆ ಒಂದು ವರ್ಷ ವಾರಂಟಿ ಅಂತ ಬಿಲ್ಲಿನ ಮೇಲೆ ಸೀಲೂ ಹಾಕಿದ್ದೀರಿ.

ಈಗ ಬಂಪರಿನ ಪೇಂಟ್ ಎದ್ದು ಬರುತ್ತಿದೆ. ನಂಬರ್ ಪ್ಲೇಟಿನ ಕೆಳಗೆ ಸಣ್ಣ ಗುಳ್ಳೆಯಾಗಿ ಶುರುವಾಯಿತು. ಅಂಚಿಗೆ ಉಗುರು ಕೊಟ್ಟರೆ ಸಾಕು, ಹಾಲಿನ ಕೆನೆ ಎತ್ತಿದ ಹಾಗೆ ಅಂಗೈಯಗಲದ ಪದರ ಹಾಗೇ ಬಂತು. ಮೇಲೆ ಕ್ಲಿಯರ್ ಕೋಟಿನ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರದ, ಹೊಳಪು ಸ್ವಲ್ಪವೂ ಹೋಗಿಲ್ಲ. ತಿರುಗಿಸಿದರೆ ಅಡಿಭಾಗವೂ ನುಣ್ಣಗಿದೆ. ಬಂಪರಿನ ಮೇಲೆ ಉಳಿದದ್ದು ಬರಿ ಕಪ್ಪು ಪ್ಲಾಸ್ಟಿಕ್. ಒಂದು ಚೂರು ಬಣ್ಣವೂ ಅದಕ್ಕೆ ಅಂಟಿಕೊಂಡಿಲ್ಲ, ಸ್ಯಾಂಡ್ ಪೇಪರಿನಿಂದ ಉಜ್ಜಿದ ಗೆರೆಯೂ ಕಾಣುವುದಿಲ್ಲ. ಆ ಪದರವನ್ನು ಕವರಿನಲ್ಲಿ ಹಾಕಿ ಇಟ್ಟಿದ್ದೇನೆ, ಫೋಟೋ ಇದರ ಜೊತೆಗಿದೆ.

ನಿಮ್ಮ ಅಡ್ವೈಸರ್ ನೋಡಿದ ಕೂಡಲೇ ‘ಪ್ರೆಶರ್ ವಾಶ್ ಜಾಸ್ತಿ ಆಗಿದೆ ಸಾರ್, ಇದು ವಾರಂಟಿಗೆ ಬರೋದಿಲ್ಲ’ ಅಂದರು. ಆ ವಾಶ್ ಮಾಡಿದ್ದೂ ನಿಮ್ಮಲ್ಲೇ, ಸರ್ವಿಸಿಗೆ ಬಿಟ್ಟಾಗ! ಇರಲಿ. ಕಲ್ಲು ಸಿಡಿದರೆ ಬಣ್ಣದಲ್ಲಿ ಸಣ್ಣ ಗುಳಿ ಬೀಳುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಸರಿಯಾಗಿ ಕೂತ ಪೇಂಟ್ ನೀರಿನ ರಭಸಕ್ಕೆ ಇಡೀ ಪದರವಾಗಿ ಏಳುವುದಿಲ್ಲ. ಎದ್ದಿದೆ ಅಂದರೆ ಅದು ಮೊದಲೇ ಹಿಡಿದಿರಲಿಲ್ಲ ಅಂತಲೇ ಅರ್ಥ.

ಯಾಕೆ ಹಿಡಿಯಲಿಲ್ಲ ಅನ್ನುವುದಕ್ಕೂ ಕಾರಿನಲ್ಲೇ ಸಾಕ್ಷಿ ಇದೆ. ಮೂರೂ ಭಾಗಕ್ಕೆ ಪೇಂಟ್ ಆದದ್ದು ಒಂದೇ ದಿನ, ಒಂದೇ ಡಬ್ಬಿಯಿಂದ. ಫೆಂಡರ್ ತಗಡು, ಅದಕ್ಕೇನೂ ಆಗಿಲ್ಲ. ಕನ್ನಡಿಯ ಕವರ್ ಪ್ಲಾಸ್ಟಿಕ್ಕೇ, ಅದೂ ಸರಿಯಾಗಿದೆ. ಕವರಿನ ಒಳಗಡೆ ‘ಎಬಿಎಸ್’ ಅಂತ ಅಚ್ಚಿದೆ, ಅದೊಂದು ಜಾತಿಯ ಪ್ಲಾಸ್ಟಿಕ್. ಬಂಪರಿನ ಹಿಂಬದಿಯಲ್ಲಿ ಇರುವುದು ‘ಪಿಪಿ + ಇಪಿಡಿಎಂ’, ಅಂದರೆ ರಬ್ಬರ್ ಬೆರೆಸಿದ ಪಾಲಿಪ್ರೊಪಿಲೀನ್. ಎಬಿಎಸ್ಸಿಗೆ ಬಣ್ಣ ಸುಲಭವಾಗಿ ಹಿಡಿಯುತ್ತದೆ. ಪಾಲಿಪ್ರೊಪಿಲೀನ್ ಹಾಗಲ್ಲ, ಅದರ ಮೈ ಮೇಣದಂಥದ್ದು, ಯಾವುದನ್ನೂ ಸುಲಭಕ್ಕೆ ಅಂಟಿಸಿಕೊಳ್ಳುವುದಿಲ್ಲ. ಕಾರ್ಖಾನೆಯಲ್ಲಿ ಇದಕ್ಕಾಗಿಯೇ ಬೆಂಕಿಯ ಜ್ವಾಲೆ ತಾಗಿಸಿಯೋ ವಿಶೇಷ ಪ್ರೈಮರ್ ಕೊಟ್ಟೋ ಆಮೇಲೆ ಬಣ್ಣ ಹೊಡೆಯುತ್ತಾರೆ. ವರ್ಕ್‌ಶಾಪಿನಲ್ಲಾದರೆ ಹೊಸ ಬಂಪರನ್ನು ಚೆನ್ನಾಗಿ ತೊಳೆದು, ಅಚ್ಚಿನಿಂದ ಬಿಡಿಸಲು ಹಾಕಿದ ಜಿಡ್ಡು ತೆಗೆದು, ಮೈ ತರಿಯಾಗುವ ಹಾಗೆ ಉಜ್ಜಿ, ಬಣ್ಣ ಹಿಡಿಸುವ ಅಡ್ಹೀಷನ್ ಪ್ರಮೋಟರ್, ಅಂದರೆ ಪ್ಲಾಸ್ಟಿಕ್ ಪ್ರೈಮರ್, ಹೊಡೆಯಬೇಕು. ಬಣ್ಣದ ಪದರ, ಅಂದರೆ ಬೇಸ್ ಕೋಟ್, ಆಮೇಲೆ. ಇದು ನಿಮ್ಮ ಪೇಂಟರಿಗೆ ಗೊತ್ತಿಲ್ಲದ ವಿಷಯ ಅಂತ ನನಗನಿಸುವುದಿಲ್ಲ. ಡೆಲಿವರಿಯ ಅವಸರದಲ್ಲಿ ಬಿಟ್ಟದ್ದೇ ಇರಬೇಕು. ನಿಮ್ಮ ಬಿಲ್ಲಿನಲ್ಲಿ ಬೇಸ್ ಕೋಟ್, ಕ್ಲಿಯರ್ ಕೋಟ್, ಥಿನ್ನರ್ ಎಲ್ಲ ಬೇರೆ ಬೇರೆ ಬರೆದಿದೆ, ಮಾಸ್ಕಿಂಗ್ ಟೇಪಿಗೂ ದುಡ್ಡು ಹಿಡಿದಿದ್ದೀರಿ. ಪ್ಲಾಸ್ಟಿಕ್ ಪ್ರೈಮರಿನ ಸಾಲು ಮಾತ್ರ ಇಲ್ಲ.

ಬಂಪರಿನ ಬಿಳಿ ಫೆಂಡರಿನ ಬಿಳಿಗಿಂತ ತುಸು ಹಳದಿಯಾಗಿದೆ, ಬಲಮೂಲೆಯಲ್ಲಿ ಧೂಳಿನ ಕಣವೂ ಕೂತಿದೆ. ಅದನ್ನೆಲ್ಲ ಡೆಲಿವರಿಯ ದಿನವೇ ಹೇಳಿದ್ದೆ. ‘ಪಾಲಿಶಿಂಗಲ್ಲಿ ಹೋಗ್ತದೆ’ ಅಂದಿದ್ದರು. ಹೋಗಿಲ್ಲ. ಆದರೆ ಬರಿ ಅಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ನನಗೆ ನಿಜವಾಗಿ ಬೇಜಾರಾದದ್ದು ನಿಮ್ಮ ಅಡ್ವೈಸರ್ ಕೊಟ್ಟ ಉಪಾಯದಿಂದ. ‘ಸುಮ್ನೆ ಎಲ್ಲಾದರೂ ತಾಗಿತು ಅಂತ ಇನ್ನೊಂದು ಕ್ಲೈಮ್ ಹಾಕಿ, ಹೊಸದಾಗಿ ಮಾಡಿ ಕೊಡುವ’ ಅಂದರು. ನಿಮ್ಮ ಕೆಲಸದ ತಪ್ಪಿಗೆ ನಾನು ಇನ್ಶೂರೆನ್ಸ್ ಕಂಪನಿಗೆ ಸುಳ್ಳು ಹೇಳಬೇಕಾ? ಪ್ಲಾಸ್ಟಿಕ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ 50 ಶೇಕಡಾ ಸವಕಳಿ ಕಳೆಯುತ್ತಾರೆ, ಹಾಗಾಗಿ ಈ ಬಂಪರಿನ ಅರ್ಧ ದುಡ್ಡು ಆಗಲೇ ನನ್ನ ಜೇಬಿನಿಂದ ಹೋಗಿದೆ. ಮತ್ತೆ ಕ್ಲೈಮ್ ಹಾಕಿದರೆ ಪುನಃ ಅರ್ಧ ನನ್ನದೇ, ಮುಂದಿನ ವರ್ಷದ ನೋ ಕ್ಲೈಮ್ ಬೋನಸ್ಸೂ ಇಲ್ಲ. ನಿಮಗೆ ಮಾತ್ರ ಎರಡನೇ ಬಿಲ್!

ನನಗೆ ಬೇಕಾದದ್ದು ಇಷ್ಟು. ಎದ್ದ ಜಾಗಕ್ಕೆ ಮಾತ್ರ ಟಚ್‌ಅಪ್ ಮಾಡುವುದು ಬೇಡ. ಅಡಿಯಲ್ಲಿ ಹಿಡಿತವಿಲ್ಲದ ಮೇಲೆ ಪಕ್ಕದ್ದು ನಾಳೆ ಏಳುತ್ತದೆ. ಬಂಪರ್ ಬಿಚ್ಚಿ, ಇಡೀ ಪೇಂಟನ್ನು ಪ್ಲಾಸ್ಟಿಕ್ಕಿನವರೆಗೆ ತೆಗೆದು, ಪ್ಲಾಸ್ಟಿಕ್ ಪ್ರೈಮರ್ ಕೊಟ್ಟು ಮೊದಲಿನಿಂದ ಮಾಡಬೇಕು. ಪೇಂಟ್ ತೆಗೆಯುವಾಗ ಪ್ಲಾಸ್ಟಿಕ್ ಹಾಳಾದರೆ ಬಂಪರೇ ಹೊಸತು ಹಾಕಬೇಕು. ಹೋದ ಸಲ ಪೇಂಟ್ ಹೊಡೆಯುವ ಮುಚ್ಚಿದ ಕೋಣೆ, ಅಂದರೆ ಬೂತ್, ರಿಪೇರಿಯಲ್ಲಿದೆ ಅಂತ ಮಳೆ ಹೊಯ್ಯುವಾಗ ಶೆಡ್ಡಿನಲ್ಲೇ ಹೊಡೆದದ್ದನ್ನು ನಾನೇ ನೋಡಿದ್ದೇನೆ. ಹಾರ್ಡ್ನರ್ ಹಾಕಿದ ಕ್ಲಿಯರ್ ಕೋಟಿಗೆ ಅಂಥ ತೇವ ಒಳ್ಳೆಯದಲ್ಲ, ಈ ಸಲ ಬೂತಿನಲ್ಲೇ ಆಗಲಿ. ಪೇಂಟ್ ಪೂರ್ತಿ ಒಣಗಿದ ಮೇಲೆ ಬಂಪರಿನ ಕೆಳ ಅಂಚಿನಲ್ಲಿ, ಕಣ್ಣಿಗೆ ಬೀಳದ ಕಡೆ, ಬ್ಲೇಡಿನಿಂದ ಚೌಕ ಗೀರಿ ಟೇಪ್ ಅಂಟಿಸಿ ಎಳೆದು ನನ್ನೆದುರಿಗೆ ತೋರಿಸಿ. ಚೂರೂ ಏಳದಿದ್ದರೆ ಗಾಡಿ ತಗೊಂಡು ಹೋಗುತ್ತೇನೆ. ಖರ್ಚೆಲ್ಲ ನಿಮ್ಮದು, ವಾರಂಟಿ ಆ ದಿನದಿಂದ ಹೊಸದಾಗಿ ಶುರುವಾಗಬೇಕು.

15 ದಿನದೊಳಗೆ ಲಿಖಿತ ಉತ್ತರ ಕೊಡಿ. ಫೋನಿನಲ್ಲಿ ‘ನೋಡುವ’ ಅಂದರೆ ಸಾಲದು. ಉತ್ತರ ಬಾರದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಅದಕ್ಕೆ ಎರಡು ವರ್ಷದ ಅವಧಿ ಇದೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ಪತ್ರ ಕನ್ನಡದಲ್ಲಿದೆ ಅಂತ ಬದಿಗಿಡಬೇಡಿ. ನಿಮ್ಮ ಕೌಂಟರಿನಲ್ಲಿ ಕನ್ನಡ ಓದುವವರು ಇದ್ದಾರೆ, ಹೊರಗಿನ ಬೋರ್ಡಿನಲ್ಲೂ ಕನ್ನಡ ಉಂಟು.

ಜೊತೆಗೆ: ಬಿಲ್ ಮತ್ತು ಜಾಬ್ ಕಾರ್ಡಿನ ಪ್ರತಿ, ಫೋಟೋಗಳು. ಎದ್ದ ಪದರವನ್ನು ನೋಡಬೇಕಿದ್ದರೆ ತಂದು ತೋರಿಸುತ್ತೇನೆ, ಕೊಟ್ಟು ಹೋಗುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ,
ಬದಿಯಡ್ಕ