ಮೂವತ್ತೇಳು ಬುರುಡೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಕೂಗಾಡಿದ್ದಕ್ಕೆ ನನಗೆ ಬೇಜಾರಿಲ್ಲ. ಸ್ವಲ್ಪ ಇದೆ. "ಕಿಡ್ನಿ ಪೇಷೆಂಟಿಗೆ ಯಾರಾದ್ರೂ ದಿನಾ ಎಳನೀರು ಕೊಡ್ತಾರಾ ಅಪ್ಪಾ?" ಅಂದೆಯಲ್ಲ, ಆಗ ಬಾಯಿಂದ ಮಾತೇ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೊಡ್ತಾರೆ ಕಣೆ. ಮದ್ದೂರಿನ ಮಗ್ಗುಲಲ್ಲಿ ಹುಟ್ಟಿದವನು ಕೊಡ್ತಾನೆ. ನಮ್ಮ ಕಡೆಯಿಂದ ಲಾರಿಗಟ್ಟಲೆ ಎಳನೀರು ದೆಹಲಿ, ಮುಂಬೈಗೆ ಹೋಗುತ್ತದೆ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೊರಟರೆ ಕೈಯಲ್ಲಿ ಎರಡು ಎಳನೀರು ಇರಲೇಬೇಕು. ನಿಮ್ಮಮ್ಮ ಬಾಯಿ ಒಣಗುತ್ತದೆ, ಮೈಯೆಲ್ಲ ಉರಿ ಅಂದಳು. ತಂಪಾಗಲಿ ಅಂತ ಬೆಳಗ್ಗೆ ಒಂದು, ಸಂಜೆ ಒಂದು ಕೆತ್ತಿ ಕೊಟ್ಟೆ.

ಆ ರಾತ್ರಿಯದ್ದು ನಿನಗೆ ಪೂರ್ತಿ ಹೇಳಿಲ್ಲ. ಕಾಲಲ್ಲಿ ಶಕ್ತಿಯೇ ಇಲ್ಲ ಅಂದಳು, ಕರೆದುಕೊಂಡು ಹೋದೆ. ರಕ್ತದಲ್ಲಿ ಪೊಟ್ಯಾಸಿಯಂ 6.4 ಅಂತ ಬಂತು. ಎಳನೀರಲ್ಲಿ ಅದು ತುಂಬಾ ಇರುತ್ತದಂತೆ, ಕೆಟ್ಟ ಕಿಡ್ನಿ ಅದನ್ನು ಸರಿಯಾಗಿ ಹೊರಗೆ ಹಾಕುವುದಿಲ್ಲವಂತೆ. ಪಕ್ಕದಲ್ಲಿ 3.5ರಿಂದ 5.1 ಅಂತ ಪ್ರಿಂಟಾಗಿತ್ತು. ಇಷ್ಟೇ ತಾನೆ ಅಂದುಕೊಂಡೆ. ಶುಗರ್ ಮುನ್ನೂರು ದಾಟಿದ್ದನ್ನು ನೋಡಿದವನಿಗೆ ಒಂದು ಚಿಲ್ಲರೆ ಯಾವ ಲೆಕ್ಕ? ಡ್ಯೂಟಿ ಡಾಕ್ಟರು ನಿನ್ನ ವಯಸ್ಸಿನ ಹುಡುಗಿ. ರಕ್ತ ತೆಗೆಯುವಾಗ ಕಣ ಒಡೆದರೂ ಸುಳ್ಳು ಸುಳ್ಳೇ ಜಾಸ್ತಿ ತೋರಿಸುತ್ತದೆ, ಇನ್ನೊಂದು ಸಲ ಕಳಿಸೋಣ ಅಂದರು. ಆಮೇಲೆ ಇಸಿಜಿ ಪಟ್ಟಿ ಬಂತು. ಅದರ ಮೇಲೆ ಬೆರಳಿಟ್ಟು, ಇಲ್ಲಿ ಗೂಟದ ಹಾಗೆ ಚೂಪಾಗಿ ಎದ್ದಿದೆ ನೋಡಿ, ಪೊಟ್ಯಾಸಿಯಂ ಗುಂಡಿಗೆಗೆ ತಟ್ಟಿದೆ ಅಂದರು. ಅಷ್ಟೇ, ಮತ್ತೆ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಗುಂಡಿಗೆ ಕಾಪಾಡೋಕೆ ಕ್ಯಾಲ್ಸಿಯಂ ಇಂಜೆಕ್ಷನ್ನು, ಆಮೇಲೆ ಗ್ಲೂಕೋಸ್ ಜೊತೆ ಇನ್ಸುಲಿನ್ನು. ನಾನು ಬೆಂಚಿನ ಮೇಲೆ ಕೂತು, ಲ್ಯಾಬಿನವನ ಕೈ ತಪ್ಪಿರಲಿ ಅಂತ ಬೇಡಿಕೊಂಡೆ. ಬೇರೆಯವರ ತಪ್ಪಿಗೆ ಯಾರಾದರೂ ಹರಕೆ ಹೊರುತ್ತಾರಾ? ನಾನು ಹೊತ್ತೆ. ಎರಡನೇ ರಿಪೋರ್ಟು 6.3.

ಬೆಳಗ್ಗೆ ಬಟ್ಟೆ ತರಲು ಮನೆಗೆ ಬಂದು ಹಂಡೆ ಒಲೆ ಹಚ್ಚೋಕೆ ಹಿತ್ತಲಿಗೆ ಹೋದೆ. ಒಣಗಲು ಹಾಕಿದ್ದ ಎಳನೀರ ಬುರುಡೆಗಳು ಅಲ್ಲೇ ಇದ್ದವು. ಎಣಿಸಿದೆ. 37. ಇನ್ನೊಂದು ಸಲ ಎಣಿಸಿದೆ. ಒಲೆ ಹಚ್ಚಲಿಲ್ಲ, ತಣ್ಣೀರಲ್ಲೇ ಸ್ನಾನ ಮಾಡಿ ಹೋದೆ. ಅವು ಇನ್ನೂ ಅಲ್ಲೇ ಇವೆ.

ಇದನ್ನು ಹೇಳಬಾರದು ಅಂದುಕೊಂಡಿದ್ದೆ. ಬಿಪಿಗೆ ಒಳ್ಳೆಯದು ಅಂತ ನೀನು ತರಿಸಿಕೊಟ್ಟಿದ್ದ ಸೋಡಿಯಂ ಕಮ್ಮಿ ಇರುವ ಉಪ್ಪು, ಅದರ ಪ್ಯಾಕೆಟ್ ಹಿಂದೆ ಪೊಟ್ಯಾಸಿಯಂ ಕ್ಲೋರೈಡ್ ಅಂತ ಸಣ್ಣಕ್ಷರದಲ್ಲಿದೆ. ಬಿಪಿ ಮಾತ್ರೆಯದ್ದೂ ಪಾಲು ಇದೆಯಂತೆ, ಬದಲಾಯಿಸಿದ್ದಾರೆ. ನಿನ್ನ ಮೇಲೆ ಹಾಕಲು ಹೇಳುತ್ತಿಲ್ಲ. ಸ್ವಲ್ಪ ಅದಕ್ಕೂ ಇರಬಹುದು. ತಪ್ಪು ತಿಳಿಯಬೇಡ.

ಅದರಲ್ಲೂ ಪೊಟ್ಯಾಸಿಯಂ ಇದೆ ಅಂತ ಹೆದರಿ ನೀನು ಬಾಳೆಹಣ್ಣು ಬಿಡಬೇಡ. ಕಿಡ್ನಿ ಸರಿ ಇದ್ದರೆ ಜಾಸ್ತಿ ಆದದ್ದು ಮೂತ್ರದಲ್ಲಿ ಹೋಗುತ್ತದೆ. ಆದರೆ ಅಜ್ಜಿಗೂ ಶುಗರ್ ಇತ್ತು, ಅಮ್ಮನಿಗೂ ಇದೆ. ವರ್ಷಕ್ಕೊಂದು ಸಲ ಶುಗರ್, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಎರಡೂ ಮಾಡಿಸು. ತಲೆನೋವು ಅಂತ ಕಂಡಕಂಡ ಮಾತ್ರೆ ನುಂಗಬೇಡ. ರಾತ್ರಿ ಎರಡು ಗಂಟೆಗೆ ವಾಟ್ಸಾಪಿನಲ್ಲಿ ಇರುತ್ತೀಯ, ನನಗೆ ಕಾಣುತ್ತದೆ.

ನೀನು ಕಳಿಸಿದ ತರಕಾರಿ ಪಟ್ಟಿ ನೋಡಿ ಡಯಟಿಷಿಯನ್ ಯಾರು ಮಾಡಿದ್ದು ಅಂದರು. ನನ್ನ ಮಗಳು ಅಂದೆ. ಪಕ್ಕದ ಮಂಚದವರಿಗೂ ಕೇಳಿಸಿರಬೇಕು.

ಈಗ ಮನೆಯಲ್ಲಿ ಬಸ್ಸಾರಿನದೇ ಜಗಳ. ಸೊಪ್ಪು, ತರಕಾರಿ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಬಸಿದು ಆ ನೀರು ಚೆಲ್ಲಬೇಕು. ಪೊಟ್ಯಾಸಿಯಂ ನೀರಿಗೆ ಇಳಿದಿರುತ್ತದೆ. "ಬಸಿದ ನೀರು ಚೆಲ್ಲೋದಾ, ನಮ್ಮನೇಲಾ?" ಅಂತ ನಿಮ್ಮಮ್ಮ. ಕೊನೆಗೆ ರಾಜಿ ಆಯಿತು: ಪಲ್ಯ ಅವಳಿಗೆ ಒಂದು ಹಿಡಿ, ಸಾರು ನನಗೆ. ಮಸಾಲೆ ಅವಳೇ ರುಬ್ಬುತ್ತಾಳೆ, ರುಚಿ ನೋಡುವ ಹಾಗಿಲ್ಲ. ನಾನು ಮುದ್ದೆ ಮುರಿಯುವವರೆಗೂ ಎದುರಿಗೇ ಕೂತು "ಹುಳಿ ಸಾಕಾ?" ಅಂತ ಕೇಳುತ್ತಾಳೆ.

ಸೋಮವಾರ ಮತ್ತೆ ರಕ್ತ ಕೊಡಬೇಕು. ರಿಪೋರ್ಟು ಸಂಜೆ ನಾಲ್ಕಕ್ಕೆ ಫೋನಿಗೇ ಬರುತ್ತದಂತೆ. ನಿನ್ನ ನಂಬರ್ ಕೊಟ್ಟಿದ್ದೇನೆ. ಮೊದಲು ನೀನು ನೋಡು, ಆಮೇಲೆ ನನಗೆ ಹೇಳು.

ನಿನ್ನ
ಅಪ್ಪ