ಹೆಸರು ಬೇಡವೆಂದ ಗಣಿತದ ಮೇಷ್ಟ್ರಿಗೆ

ಹೆಸರು ಹಾಕಬೇಡಿ ಅಂದಿರಿ, ಹಾಕುವುದಿಲ್ಲ ಮೇಷ್ಟ್ರೇ. ಆದರೆ ಐದನೇ ತರಗತಿಯಲ್ಲಿ ಕೂತು ಆರನೆಯದರ ಲೆಕ್ಕ ಮಾಡುವ ಮಕ್ಕಳ ಅಪ್ಪ-ಅಮ್ಮಂದಿರಿಗೆ ನಿಮ್ಮ ಮಾತು ತಲುಪಲಿ ಎಂದು ಈ ಧನ್ಯವಾದ.

‘ಮಗುವಿಗೆ ಬೋರಾಗುತ್ತಿದೆ, ಗಣಿತಕ್ಕೆ ಮೇಲಿನ ತರಗತಿಯಲ್ಲಿ ಕೂರಿಸಿ’ ಎಂದು ಶಾಲೆಗೆ ಹೋದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಬರೆದ ಉತ್ತರಪತ್ರಿಕೆ ಮುಂದಿಡಿ ಎಂದವರು ನೀವು. ಆರನೇ ತರಗತಿಯ ಹಳೆಯ ವಾರ್ಷಿಕ ಪತ್ರಿಕೆಯನ್ನು ಶಾಲೆಯಲ್ಲೇ, ಶಿಕ್ಷಕರ ಕಣ್ಣೆದುರೇ ಬರೆಸಬೇಕು. ನೂರಕ್ಕೆ 85 ಬಂದರೂ ಉಳಿದ 15 ಎಲ್ಲಿ ಹೋಯಿತೆಂದು ನೋಡಬೇಕು. 3/4 ಅನ್ನು 1/2ರಿಂದ ಭಾಗಿಸಿದರೆ ಥಟ್ಟನೆ 3/2 ಎನ್ನುವ ಮಗುವನ್ನು ನೀವು ಕೇಳುತ್ತಿದ್ದದ್ದು ಇಷ್ಟೇ: ಮುಕ್ಕಾಲು ಲೀಟರ್ ಹಾಲಿಗೆ ಅರ್ಧ ಲೀಟರಿನ ಪಾತ್ರೆ ಎಷ್ಟು ಬೇಕು? ‘ಒಂದು ತುಂಬಿ ಇನ್ನೊಂದು ಅರ್ಧ’ ಎನ್ನಲು ತಡವರಿಸಿದರೆ ಅದು ಟ್ಯೂಷನ್ನಿನ ವೇಗ. ಮೊದಲು ಭಿನ್ನರಾಶಿ ಗಟ್ಟಿಯಾಗಲಿ.

ಇಡೀ ತರಗತಿ ಹಾರಿಸುವುದು ಬೇಡ, ಗಣಿತವೊಂದೇ ಸಾಕು. ಇಲ್ಲಿ ಕಾಲಿಗೆ ತೊಡರುವುದು ವೇಳಾಪಟ್ಟಿ. ಐದು, ಆರರ ಗಣಿತ ಒಂದೇ ಪೀರಿಯಡ್ಡಿಗೆ ಬೀಳದಿದ್ದರೆ ಮಗುವಿಗೆ ಕನ್ನಡವೋ ಆಟವೋ ತಪ್ಪುತ್ತದೆ (ಆಟ ತಪ್ಪಿದರೆ ಮಗುವೇ ಬೇಡವೆನ್ನುತ್ತದೆ). ಹಾಗಾಗಿ ವೇಳಾಪಟ್ಟಿ ತಯಾರಾಗುವ ಮುನ್ನವೇ ಕೇಳಬೇಕು. ‘ಆರು ವಾರ ನೋಡೋಣ’ ಎಂದರೆ ಮುಖ್ಯೋಪಾಧ್ಯಾಯರಿಗೂ ಒಪ್ಪುವುದು ಸುಲಭ. ಪ್ರತಿಭಾವಂತರಿಗೆ ಪೂರಕ ಕಲಿಕೆ ಕೊಡಬೇಕೆಂಬ ಮಾತು ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿದೆ. ಅದನ್ನು ನೆನಪಿಸಿ, ಝಾಡಿಸಬೇಡಿ ಎಂದಿರಿ.

ಅಂಕಪಟ್ಟಿಗೆ ಯಾವ ತರಗತಿಯ ಪತ್ರಿಕೆ ಲೆಕ್ಕ, ಮುಂದಿನ ವರ್ಷ ಏಳರ ಗಣಿತಕ್ಕೆ ಯಾರ ಹತ್ತಿರ ಕೂರಬೇಕು, ಇವೆರಡನ್ನೂ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿದ್ದೂ ನೀವೇ. ಶಿಕ್ಷಕರು ವರ್ಗವಾಗಿ ಹೋದರೂ ಆ ಹಾಳೆ ಫೈಲಿನಲ್ಲಿ ಉಳಿಯುತ್ತದೆ.